ಉದ್ದ ಮಾತಿಗೆ ಸಾಯುವ ಯಂತ್ರ

"ಬಾಗಲಾ ಹೊರಗಿಂದ..." ಎಂಬಲ್ಲಿಗೆ ದ್ಯಾಮವ್ವ ಕಮ್ಮಾರಳ ದನಿ ನಿಂತುಹೋಯಿತು.

ಆ ದನಿ ಬರುತ್ತಿದ್ದುದು ಅವಳ ಬಾಯಿಂದಲ್ಲ, ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಿಂದ. ಅದರ ಪರದೆ ಒಮ್ಮೆಲೇ ನೀಲಿಯಾಯಿತು, ಇಂಗ್ಲಿಷಿನಲ್ಲಿ ಏನೋ ಕ್ಷಮೆ ಕೇಳಿತು, ಕಪ್ಪಾಯಿತು. ದ್ಯಾಮವ್ವನಿಗೆ ಅದು ತಕ್ಷಣ ತಿಳಿಯಲಿಲ್ಲ. ಅವಳ ತುಟಿ, ನಾಲಿಗೆ, ದವಡೆ ಇನ್ನೂ ಭರದಿಂದ ಆಡುತ್ತಲೇ ಇದ್ದವು. ಬಲಗೈ ಗಾಳಿಯಲ್ಲಿ ಚಿಲಕ ಎಳೆದು ತೋರಿಸುತ್ತಿತ್ತು. ಹಾವೇರಿಯ ಆ ಸರ್ಕಾರಿ ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಎದುರಿಗೆ ಕುಳಿತವರ ಮುಖ ನೋಡಿದ ಮೇಲೆ ಅವಳು ಬಾಯಿ ಮುಚ್ಚಿದಳು.

ಶೀತಲಗೃಹದ ಮಾಲೀಕರ ಪರ ವಕೀಲ ಹಂಪಿಹೊಳಿ ಕುರ್ಚಿಯಿಂದ ಅರ್ಧ ಎದ್ದರು. "ಸಾಹೇಬ್ರ, ಬೆಳಿಗ್ಗಿಂದ ಇದ ನಡದೈತಿ. ಆಕಿ ಹೇಳಿದ್ದು ಯಾವುದು, ಕಂಪ್ಯೂಟರ್ ಹೇಳಿದ್ದು ಯಾವುದು, ಯಾರಿಗೆ ಗೊತ್ತು? ಒಂದು ಮಾತು ನೆಟ್ಟಗ ಮುಗಸಾಕ ಬರದ ಮಷೀನ್ ಹೇಳಿದ್ದನ್ನ ಸಾಕ್ಷಿ ಅಂತ ತಗೊಂಡ್ರ ನಾಳೆ ರೇಡಿಯೋನೂ ಸಾಕ್ಷಿ ಹೇಳ್ತೈತಿ."

ಅವರ ಹಿಂದೆ ಕುಳಿತಿದ್ದ ಯಾರೋ ನಕ್ಕರು. ವಿಚಾರಣಾಧಿಕಾರಿ ದೇಶಮುಖ ನಗಲಿಲ್ಲ, ಆದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮುಂದಿನ ವಾರಕ್ಕ ಇಡ್ತೀನಿ. ಅಷ್ಟರೊಳಗ ಮಷೀನ್ ಸರಿ ಮಾಡಿಸ್ಕೊಂಡ ಬರ್ರಿ. ಇಲ್ಲಾಂದ್ರ ಇಲ್ಲಿತನಕ ಹೇಳಿದ್ದಷ್ಟ ದಾಖಲ ಆಗ್ತದ."

ಇಲ್ಲಿತನಕ ಆಕೆ ಹೇಳಿದ್ದು ತನ್ನ ಹೆಸರು, ಊರು ಬ್ಯಾಡಗಿ ಎಂಬುದು, ಮೆಣಸಿನಕಾಯಿ ಚೀಲ ಇಡುವ ಶೀತಲಗೃಹದಲ್ಲಿ ತಂಗಿ ಶಾಂತವ್ವನ ಜೊತೆ ಕೂಲಿಗೆ ಹೋಗುತ್ತಿದ್ದೆ ಎಂಬುದು, ಅಷ್ಟೇ. ಒಳಗೆ ತಂಪು ಹಿಡಿಸುವ ಅಮೋನಿಯಾ ಅನಿಲದ ಕೊಳವೆ ಒಡೆದು ಐದು ಮಂದಿ ಹೆಂಗಸರು ಸತ್ತ ದಿನದ ವಿಷಯಕ್ಕೆ ಬರುವಷ್ಟರಲ್ಲಿ ಯಂತ್ರ ಸತ್ತಿತ್ತು. ಸತ್ತ ಐವರಲ್ಲಿ ಶಾಂತವ್ವನೂ ಒಬ್ಬಳು. ಬದುಕಿ ಹೊರಬಂದವಳು ದ್ಯಾಮವ್ವ ಒಬ್ಬಳೇ. ಅವಳ ಗಂಟಲು ಒಳಗಿಂದ ಸುಟ್ಟುಹೋಗಿತ್ತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಟಕ್ಕೆ ಕತ್ತಿನ ಕೆಳಗೆ ಒಂದು ರಂಧ್ರ ಮಾಡಿ ಕಳಿಸಿದ್ದರು.

ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತಿದ್ದ ಶಾಹೀನ್ ನದಾಫ ಎದ್ದು ಬಂದು ಲ್ಯಾಪ್‌ಟಾಪಿನ ತಂತಿ ಕಿತ್ತಳು. ದ್ಯಾಮವ್ವನ ಕೊರಳಿನಲ್ಲಿದ್ದ ಪಟ್ಟಿಯನ್ನು ಮಾಡಿದವಳು ಅವಳೇ.

*

ಶಾಹೀನ್ ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕಿ. ಧ್ವನಿ ಹೋದವರು ಮಾತಾಡಲು ಹೊರಟಾಗ ಸದ್ದು ಬರದಿದ್ದರೂ ನಾಲಿಗೆ, ತುಟಿ, ದವಡೆಯ ಸ್ನಾಯುಗಳು ತಮ್ಮ ಕೆಲಸ ಮಾಡಿಯೇ ಮಾಡುತ್ತವೆ. ಆ ಸ್ನಾಯುಗಳಲ್ಲಿ ಏಳುವ ಅತಿ ಸಣ್ಣ ವಿದ್ಯುತ್ತನ್ನು ಗದ್ದದ ಕೆಳಗಿಂದಲೇ ಹಿಡಿದುಬಿಟ್ಟರೆ? ಈ ಒಂದು ಪ್ರಶ್ನೆಯ ಹಿಂದೆ ಅವಳು ವರ್ಷಗಟ್ಟಲೆ ಬಿದ್ದಿದ್ದಳು. ಕೊನೆಗೆ ಹುಟ್ಟಿದ್ದು ನುಡಿಪಟ್ಟಿ. ಮೆತ್ತನೆಯ ರಬ್ಬರಿನ ಪಟ್ಟಿ. ಅದರೊಳಗೆ ಸಾಲಾಗಿ ಸಂವೇದಕಗಳು. ಅವು ಹಿಡಿದದ್ದನ್ನು ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಲ್ಲಿ ಒಂದರ ಹಿಂದೊಂದು ಅಂಕಿಯಾಗಿ ಹರಿಸುವ ಒಂದು ಚಿಕ್ಕ ಚಿಪ್. ಕಂಪ್ಯೂಟರು ಆ ಅಂಕಿಗಳನ್ನು ಮಾತಾಗಿ ಜೋಡಿಸಿ ಗಟ್ಟಿಯಾಗಿ ಆಡುತ್ತಿತ್ತು.

ಪಟ್ಟಿ ಹಾಕಿಕೊಂಡವರ ಬಾಯಿಯ ರೀತಿಗೆ ಯಂತ್ರ ಪಳಗಲು ತಿಂಗಳುಗಳೇ ಬೇಕು. ದ್ಯಾಮವ್ವನ ಪಟ್ಟಿ ಬೇಗ ಪಳಗಿತು. ಅವಳ ಹಳೆಯ ದನಿಯನ್ನೇ ಯಂತ್ರಕ್ಕೆ ಕೊಡಲು ನೆಂಟರ ಮದುವೆಯ ವಿಡಿಯೋ ಒಂದು ಸಿಕ್ಕಿತ್ತು. ಅದರಲ್ಲಿ ಅವಳು ಊಟಕ್ಕೆ ಬಡಿಸುವವರನ್ನು ಜೋರುಮಾಡುತ್ತಿದ್ದಳು. ಹೀಗಾಗಿ ಯಂತ್ರದಿಂದ ಹೊರಟ ಮೊದಲ ಮಾತೇ ಗದರಿಕೆಯಂತೆ ಕೇಳಿಸಿ ಅವಳ ಗಂಡ ಈರಪ್ಪ ಅತ್ತುಬಿಟ್ಟಿದ್ದ. ಉತ್ತರ ಕರ್ನಾಟಕದ ನಾನೂರರಷ್ಟು ಮಂದಿ ಈ ಪಟ್ಟಿ ಹಾಕಿಕೊಂಡು ಮನೆಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಮಾತಾಡುತ್ತಿದ್ದರು.

ನಂತರ, ವಿಚಾರಣೆ ನಡೆದ ವರ್ಷದ ಬೇಸಿಗೆಯಲ್ಲಿ ಕಂಪ್ಯೂಟರುಗಳು ಸಾಯತೊಡಗಿದವು.

ಗದಗಿನ ಒಬ್ಬ ಹಳೆಯ ನಾಟಕದ ಕಲಾವಿದರು ಫೋನಿಗೆ ಮಗಳನ್ನು ಕೂರಿಸಿ ಹೇಳಿಸಿದರು: ಸಣ್ಣ ಮಾತಿಗೆ ಏನೂ ಆಗುವುದಿಲ್ಲ, ನಾಟಕದ ಸಂಭಾಷಣೆ ಶುರುಮಾಡಿದರೆ ಪರದೆ ನೀಲಿ. ವಿಜಯಪುರದ ಒಬ್ಬ ತಾಯಿ ಮಕ್ಕಳನ್ನು ಬೈಯುವಾಗಲೇ ಯಂತ್ರ ನಿಲ್ಲುತ್ತಿತ್ತು; ಈಗ ಮಕ್ಕಳಿಗೂ ಅದು ಗೊತ್ತಾಗಿತ್ತು. ಶಾಹೀನ್ ತನ್ನದೇ ಪ್ರೋಗ್ರಾಮಿನಲ್ಲಿ ತಪ್ಪಿರಬೇಕೆಂದು ಹುಡುಕಿದಳು, ಸಿಗಲಿಲ್ಲ. ಆಸ್ಪತ್ರೆಯ ಡಾಕ್ಟರೊಬ್ಬರು ಒಂದು ಸಲಹೆ ಕೊಟ್ಟರು. ಉದ್ವೇಗದಲ್ಲಿ ಸ್ನಾಯುಗಳು ಬಿಗಿಯುತ್ತವೆ, ಸಂಕೇತ ಕೆಡುತ್ತದೆ, ಆದ್ದರಿಂದ ರೋಗಿಗಳು ಶಾಂತವಾಗಿರಬೇಕು. ಬೇರೆ ದಾರಿ ಕಾಣದೆ ಅವಳೂ ಎಲ್ಲರಿಗೂ ಅದನ್ನೇ ಹೇಳಿದಳು. ನಿಧಾನವಾಗಿ ಮಾತಾಡಿ. ಸಿಟ್ಟಾಗಬೇಡಿ.

*

ವಿಚಾರಣೆ ಮುಂದೂಡಿದ ದಿನ ಮಧ್ಯಾಹ್ನವೇ ಶಾಹೀನ್ ದ್ಯಾಮವ್ವ, ಈರಪ್ಪರ ಜೊತೆ ಬ್ಯಾಡಗಿಗೆ ಹೋದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಮೆಣಸಿನಕಾಯಿ ಹರವಿದ್ದರು. ಈರಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಒಂದು ಭುಜ ಇಳಿದಿತ್ತು, ಮಾತು ಮೆದು. ಅವನು ಚಹಾ ತಂದುಕೊಟ್ಟು ಹೇಳಿದ:

"ಮೇಡಮ್ಮಾರ, ನೀವು ಹೇಳಿದಂಗ ಮಾಡೇವ್ರಿ. ಎರಡೆರಡ ಮಾತು ಆಡು ಅಂತ ನಾನೂ ಹೇಳೇನಿ. ಮನ್ಯಾಗ ಹಂಗ ನಡದೈತಿ. ಓಣ್ಯಾಗಿನ ಮಂದಿ ಸೈತ ಅಂತಾರ, ದ್ಯಾಮವ್ವ ಭಾಳ ತಣ್ಣಗಾಗ್ಯಾಳ, ಚೊಲೊ ಆತು ಅಂತ."

ದ್ಯಾಮವ್ವ ಅವನನ್ನು ನೋಡಿದಳು. ನಂತರ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಶಾಹೀನಳ ಮುಖಕ್ಕೆ ಮುಖ ಕೊಟ್ಟು ಕುಳಿತಳು. ಒಂದೊಂದು ಮಾತಿಗೂ ಬಾಯಿ ಮುಚ್ಚಿ, ತೆರೆದು, ಯಂತ್ರಕ್ಕೆ ಪೆಟ್ಟಾಗದಂತೆ ಮಾತಾಡಿದಳು.

"ತಂಗಿ. ಸತ್ತಳು. ನನ್ನ ಮುಂದ. ಅದನ್ನ. ತಣ್ಣಗ. ಹೆಂಗ. ಹೇಳ್ಲಿ."

ಶಾಹೀನ್ ಚಹಾದ ಲೋಟ ಕೆಳಗಿಟ್ಟಳು.

"ಅವ ವಕೀಲ. ಬೇಕಂತ. ಕೆಣಕತಾನ. ಅವಗ. ಗೊತ್ತಾಗೈತಿ. ನನ್ನ. ಸಿಟ್ಟಿಗೆ. ಇದು. ಸಾಯ್ತೈತಿ."

"ಹೌದು ದ್ಯಾಮಕ್ಕಾ, ನಾನೂ ನೋಡಿದೆ."

"ನೀವು. ಮಾಡಿದ್ದು. ನನ್ನ. ಕುತ್ತಿಗಿಗೆ. ಹಾಕಿದ್ದು. ನೀವು. ಒಳಗ. ಏನೈತಿ. ನಿಮಗ. ಗೊತ್ತಿಲ್ಲ?"

"ಏ, ಮೇಡಮ್ಮಾರಿಗೆ ಹಂಗನಬ್ಯಾಡ," ಎಂದು ಈರಪ್ಪ ತಡೆಯಲು ಬಂದ.

"ಅನ್ಲಿ ಬಿಡ್ರಿ," ಎಂದಳು ಶಾಹೀನ್. "ಆಕಿ ಕೇಳೋದು ಬರೋಬ್ಬರಿ ಐತಿ." ಡಾಕ್ಟರ ಮಾತು ನಂಬಿ ನಾನೂರು ಮಂದಿಗೆ ಸಿಟ್ಟಾಗಬೇಡಿ ಎಂದು ಹೇಳಿದ್ದು ನೆನಪಾಗಿ ಅವಳ ಮುಖ ಬಿಸಿಯಾಯಿತು. ದ್ಯಾಮವ್ವನ ಪಟ್ಟಿ, ಲ್ಯಾಪ್‌ಟಾಪು ಎರಡನ್ನೂ ಕೇಳಿ ಇಸಿದುಕೊಂಡು ಹುಬ್ಬಳ್ಳಿಗೆ ಹೊರಟಳು. ಪಟ್ಟಿ ಬಿಚ್ಚಿ ಕೊಡುವಾಗ ದ್ಯಾಮವ್ವ ಒಂದು ಕ್ಷಣ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇನ್ನು ಅದು ವಾಪಸು ಬರುವತನಕ ಎರಡು ಮಾತೂ ಇಲ್ಲ.

*

ಪ್ರಯೋಗಾಲಯದಲ್ಲಿ ಶಾಹೀನ್ ಮೊದಲು ತಂತಿ ಬದಲಿಸಿದಳು. ಆಮೇಲೆ ಕಂಪ್ಯೂಟರಿನ ಮೆಮೊರಿ ಬದಲಿಸಿದಳು. ಆಮೇಲೆ ಕಂಪ್ಯೂಟರನ್ನೇ ಬದಲಿಸಿದಳು. ಒಂದು ಯಂತ್ರ ಕುಸಿದುಬಿದ್ದಾಗ ಸಾಯುವ ಮೊದಲು ಏನು ನಡೆದಿತ್ತು ಎಂಬುದನ್ನು ತನ್ನೊಳಗೇ ಒಂದು ಕಡತದಲ್ಲಿ ಬಿಟ್ಟಿರುತ್ತದೆ. ಗದಗ, ವಿಜಯಪುರ, ಬ್ಯಾಡಗಿ, ಎಲ್ಲ ಊರುಗಳಿಂದಲೂ ಅವನ್ನು ತರಿಸಿಕೊಂಡಳು. ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದವು: ಡ್ರೈವರ್.

ಡ್ರೈವರ್ ಅಂದರೆ ಹೊರಗಿನ ಸಾಧನಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ನಿಲ್ಲುವ ಸಣ್ಣ ತಂತ್ರಾಂಶ. ಪಟ್ಟಿಯ ಚಿಪ್ಪಿಗೆ ಬೇಕಾದ ಡ್ರೈವರನ್ನು ಆ ಚಿಪ್ ತಯಾರಿಸುವ ಕ್ವೆಲ್ಟಾ ಎಂಬ ಕಂಪನಿಯೇ ಕೊಡುತ್ತಿತ್ತು. ಬೇಸಿಗೆಯ ಆರಂಭದಲ್ಲಿ ಅದರ ಹೊಸ ಆವೃತ್ತಿ, ಯಾರನ್ನೂ ಕೇಳದೆ, ಎಲ್ಲ ಕಂಪ್ಯೂಟರುಗಳಿಗೂ ಇಂಟರ್‌ನೆಟ್ಟಿನಿಂದ ತಾನೇ ಬಂದು ಕುಳಿತಿತ್ತು. ದೊಡ್ಡ ಕಂಪನಿಯ ಡ್ರೈವರಿನಲ್ಲಿ ತಪ್ಪಿದ್ದರೆ ಜಗತ್ತಿನಲ್ಲೆಲ್ಲ ಗಲಾಟೆಯಾಗಬೇಕಿತ್ತಲ್ಲ? ಆಗಿರಲಿಲ್ಲ.

ಅವಳು ಪ್ರಯೋಗಾಲಯದಲ್ಲಿ ತನ್ನ ಬಾಯಿಗೇ ಪಳಗಿಸಿಟ್ಟಿದ್ದ ಒಂದು ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡು, ದನಿ ಹೊರಡಿಸದೆ ಮಗ್ಗಿ ಒಪ್ಪಿಸಿದಳು. ಯಂತ್ರ ಚೆನ್ನಾಗಿಯೇ ನಡೆಯಿತು. ಹಂಪಿಹೊಳಿಯವರ ರೇಡಿಯೋ ಮಾತು ನೆನಪಾಯಿತು. ಬಾಯಿಗೆ ಬಂದದ್ದನ್ನೆಲ್ಲ, ಪ್ರಾಧ್ಯಾಪಕಿ ಎಂಬುದನ್ನೂ ಮರೆತು, ತಡೆಯಿಲ್ಲದೆ ಬೈದಳು. ಸದ್ದಿಲ್ಲದ ಬೈಗುಳ. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದು. ಪರದೆ ನೀಲಿಯಾಯಿತು.

ಈಗ ಮೊದಲ ವರ್ಷ ತನಗೇ ಮಾಡಿಕೊಂಡಿದ್ದ ಹಳೆಯ ಪಟ್ಟಿಯೊಂದನ್ನು ಕಟ್ಟಿಕೊಂಡು ಅದೇ ಬೈಗುಳವನ್ನು ಮತ್ತೆ ಬೈದಳು. ಏನೂ ಆಗಲಿಲ್ಲ. ಗಂಟಲ ಪಸೆ ಆರುವವರೆಗೂ ಬೈದಳು. ಯಂತ್ರ ಅಷ್ಟನ್ನೂ ಗಟ್ಟಿಯಾಗಿ ಆಡಿತು. ಪಕ್ಕದ ಕೋಣೆಯವರು ಬಂದು ಇಣುಕಿ ಹೋದರು.

ಎರಡೂ ಪಟ್ಟಿಗಳ ರಬ್ಬರು ಸೀಳಿ ಚಿಪ್ಪುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹಳೆಯದರ ಮೇಲೆ ಕ್ವೆಲ್ಟಾದ ಹೆಸರು ಕೊರೆದಿತ್ತು. ಹೊಸದರ ಮೇಲೆ ಅದೇ ಹೆಸರು, ಅದೇ ಅಕ್ಷರ, ಆದರೆ ಬಣ್ಣದಲ್ಲಿ ಅಚ್ಚು ಹಾಕಿದ್ದು. ಉಗುರಿನಿಂದ ಕೆರೆದರೆ ಎದ್ದು ಬಂತು. ನಕಲಿ. ಎರಡನೇ ವರ್ಷದಿಂದ ಕಾಲೇಜಿಗೆ ಬಿಡಿಭಾಗ ತಂದುಕೊಡುತ್ತಿದ್ದ ವ್ಯಾಪಾರಿ ಅಸಲಿಯ ಬಿಲ್ಲು ಕೊಟ್ಟು ನಕಲಿ ಕೊಟ್ಟಿದ್ದ. ಅವನಿಗಾದರೂ ಗೊತ್ತಿತ್ತೋ ಇಲ್ಲವೋ.

ಆದರೆ ನಕಲಿ ಚಿಪ್ಪು ಎರಡು ವರ್ಷ ಒಂದು ದೂರೂ ಇಲ್ಲದೆ ಕೆಲಸ ಮಾಡಿತ್ತು. ಅಸಲಿಗಿಂತ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಹಾಗಾದರೆ ಈಗೇಕೆ?

ಅವಳು ಡ್ರೈವರಿನ ಯಂತ್ರಭಾಷೆಯನ್ನೇ ಬಿಚ್ಚಿ ಓದಲು ಕುಳಿತಳು. ಬೇಸರದ, ಕಣ್ಣುರಿಸುವ ಕೆಲಸ. ಎರಡು ಹಗಲು ಅದರಲ್ಲೇ ಹೋದವು. ಸಿಕ್ಕಾಗ ಮೊದಲು ನಂಬಿಕೆಯೇ ಬರಲಿಲ್ಲ.

ಹೊಸ ಡ್ರೈವರು ಚಿಪ್ಪಿಗೆ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತಿತ್ತು. ಅಸಲಿ ಚಿಪ್ಪು ಸರಿಯಾದ ಉತ್ತರ ಕೊಡುತ್ತಿತ್ತು, ನಕಲಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಡ್ರೈವರು ಅಲ್ಲಿಗೇ ನಿಲ್ಲಬಹುದಿತ್ತು, ಇದು ನಕಲಿ ಎಂದು ಪರದೆಯ ಮೇಲೆ ಹೇಳಬಹುದಿತ್ತು. ಹಾಗೆ ಮಾಡುತ್ತಿರಲಿಲ್ಲ. ಸುಮ್ಮನೆ ಕೆಲಸ ಮುಂದುವರಿಸುತ್ತ, ಬಿಡುವಿಲ್ಲದೆ ಹರಿದು ಬರುವ ಅಂಕಿಗಳನ್ನು ಎಣಿಸುತ್ತಿತ್ತು. ಮಾತಿನ ನಡುವೆ ಒಂದಿಷ್ಟು ನಿಲುಗಡೆ ಸಿಕ್ಕರೆ ಎಣಿಕೆ ಮತ್ತೆ ಸೊನ್ನೆಗೆ. ಸಿಗದೆ ಒಂದು ಮಿತಿ ದಾಟಿದರೆ, ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಬೇಕೆಂದೇ ಇನ್ನೊಮ್ಮೆ ಬಿಟ್ಟುಕೊಟ್ಟು, ಯಾವ ಯಂತ್ರವೂ ತಾಳದ ಆ ತಪ್ಪಿನಿಂದ ಇಡೀ ಕಂಪ್ಯೂಟರನ್ನು ಬೀಳಿಸುತ್ತಿತ್ತು.

ಯಾರದೋ ಕೈತಪ್ಪು ಆಗಿರಲಿಲ್ಲ ಅದು. ಯಾರೋ ಒಬ್ಬ ಕುರ್ಚಿಯಲ್ಲಿ ಕುಳಿತು, ಯೋಚಿಸಿ, ಬರೆದು, ಪರೀಕ್ಷಿಸಿ, ಮೇಲಿನವರಿಂದ ಒಪ್ಪಿಗೆ ಪಡೆದಿದ್ದ. ಶಾಹೀನ್ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು.

*

ಕ್ವೆಲ್ಟಾದ ಬೆಂಗಳೂರು ಕಚೇರಿಯಲ್ಲಿ ಗ್ರಾಹಕರ ವ್ಯವಹಾರ ನೋಡಿಕೊಳ್ಳುವ ಕೌಶಿಕ್ ಎಂಬವನು ಫೋನಿಗೆ ಸಿಕ್ಕಿದ. ತುಂಬ ವಿನಯದ ದನಿ.

"ಮೇಡಂ, ಅದು ದೋಷ ಅಲ್ಲ. ಅದು ರಕ್ಷಣೆಯ ಏರ್ಪಾಡು. ನಕಲಿ ಚಿಪ್‌ನಿಂದ ನಮಗೆ ಎಷ್ಟು ನಷ್ಟ ಆಗ್ತಿದೆ ಅಂತ ನಿಮಗೂ ಗೊತ್ತಿರುತ್ತಲ್ವಾ?"

"ನಕಲಿ ಮಾಡಿದವನ ಕುತ್ತಿಗಿ ಹಿಡೀರಿ. ನನ್ನ ಮಂದಿ ಕುತ್ತಿಗಿ ಯಾಕ ಹಿಡೀತೀರಿ?"

"ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ ಮೇಡಂ. ಒರಿಜಿನಲ್ ಚಿಪ್ ಹಾಕ್ಸಿಬಿಡಿ. ಸ್ವಲ್ಪ ಕಡಿಮೆ ಬೆಲೆಗೆ ಕೊಡಿಸೋಕೆ ನಾನು ಪ್ರಯತ್ನ ಮಾಡ್ತೀನಿ."

"ಚಿಪ್ಪು, ಸಂವೇದಕ ಎಲ್ಲಾ ಒಂದ ರಬ್ಬರಿನಾಗ ಅಚ್ಚು ಹೊಯ್ದದ್ದು. ಚಿಪ್ ಬದಲಿ ಅಂದ್ರ ಹೊಸ ಪಟ್ಟಿ. ಹೊಸ ಪಟ್ಟಿ ಅಂದ್ರ ಆಕಿ ಮತ್ತ ತಿಂಗಳಾನುಗಟ್ಟಲೆ ಕೂಸಿನಂಗ ಮಾತು ಕಲೀಬೇಕು. ಆಕೀಗೆ ಸಾಕ್ಷಿ ಹೇಳೂದು ಈ ವಾರ ಐತಿ. ಐದು ಮಂದಿ ಸತ್ತದ್ದರ ಸಾಕ್ಷಿ."

"ಅಯ್ಯೋ, ತುಂಬಾ ಬೇಜಾರಿನ ವಿಷ್ಯ."

"ಬ್ಯಾಸರಾ ಅಲ್ರಿ ಅದು. ಒಂದು ಮಾತು ಹೇಳ್ರಿ ನಂಗ. ನಕಲಿ ಅಂತ ಗೊತ್ತಾದ ಕೂಡಲೇ ಪರದೆ ಮ್ಯಾಲ ಹಂಗಂತ ಬರೀಬಹುದಿತ್ತಲ್ಲ? ಯಾಕ ಬರೀಲಿಲ್ಲ?"

ಆ ಕಡೆ ಅವನು ಏನೋ ಟೈಪು ಮಾಡುವ ಸದ್ದು ಕೇಳಿಸಿತು.

"ನಾ ಹೇಳ್ತೀನಿ ಕೇಳ್ರಿ. ಬರದ್ರ ಮಂದಿ ನಿಮ್ಮನ್ನ ಬೈತಾರ. ಸುಮ್ನ ಕಂಪ್ಯೂಟರ್ ಬಿದ್ರ ಮಷೀನ್ ಮಾಡಿದವ್ರನ್ನ ಬೈತಾರ, ಇಲ್ಲಾ ಹಾಕ್ಕೊಂಡವ್ರನ್ನ ಬೈತಾರ. ನಾನ ಬೈದೇನಿ. ಸಿಟ್ಟಾಗಬ್ಯಾಡ ಅಂತ ಆಕೀಗೇ ಹೇಳೇನಿ. ನಾನೂರು ಮಂದೀಗೆ ಹೇಳೇನಿ."

ಕೌಶಿಕ್ ಅದೇ ವಿನಯದಲ್ಲಿ ಹೇಳಿದ: "ನಿಮ್ಮ ಅಭಿಪ್ರಾಯ ಮೇಲಿನವ್ರಿಗೆ ತಲುಪಿಸ್ತೀನಿ ಮೇಡಂ."

ಶಾಹೀನ್ ಫೋನನ್ನು ಮೇಜಿನ ಮೇಲೆ ಇಟ್ಟದ್ದಲ್ಲ, ಎಸೆದದ್ದು.

ಹಳೆಯ ಡ್ರೈವರಿಗೆ ಮರಳಬಹುದಿತ್ತು. ಆದರೆ ಕಂಪ್ಯೂಟರು ಇಂಟರ್‌ನೆಟ್ ಮುಟ್ಟಿದ ಕೂಡಲೇ ಹೊಸದು ಮತ್ತೆ ಬಂದು ಕೂರುತ್ತಿತ್ತು. ಹೀಗಾಗಿ ಅವಳು ತಾನೇ ಒಂದು ಡ್ರೈವರ್ ಬರೆದಳು. ಚಿಪ್ಪಿಗೆ ಏನನ್ನೂ ಕೇಳದ, ಬಂದ ಅಂಕಿಯನ್ನು ಬಂದ ಹಾಗೆ ಒಳಗೆ ಬಿಡುವ ಡ್ರೈವರ್. ಅದನ್ನು ಹಾಕಲು ಹೋದರೆ ಕಂಪ್ಯೂಟರು ಅಡ್ಡ ಬಂತು: ಇದು ನಂಬಿಕೆಗೆ ಅರ್ಹವಲ್ಲ, ನಿಮ್ಮ ಯಂತ್ರಕ್ಕೆ ಅಪಾಯವಾಗಬಹುದು. ಕಂಪ್ಯೂಟರನ್ನು ಬೇಕೆಂದೇ ಕೊಲ್ಲುವ ಡ್ರೈವರಿಗೆ ನಂಬಿಕೆಯ ಮೊಹರು ಇತ್ತು. ಅದನ್ನು ಬದುಕಿಸುವುದಕ್ಕೆ ಇರಲಿಲ್ಲ. ಶಾಹೀನ್ ಹಲ್ಲು ಕಚ್ಚಿ ಎಲ್ಲ ಎಚ್ಚರಿಕೆಗಳನ್ನೂ ದಾಟಿ ಅದನ್ನು ಒಳಗೆ ತೂರಿಸಿದಳು.

*

ಮುಂದಿನ ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಸತ್ತ ಹೆಂಗಸರ ಮನೆಯವರೆಲ್ಲ ಬಂದಿದ್ದರು. ಹಂಪಿಹೊಳಿ ಮೊದಲೇ ತಕರಾರು ತೆಗೆದರು.

"ಸಾಹೇಬ್ರ, ಈ ಮೇಡಮ್ಮಾರು ತಂತ್ರಾಂಶ ಬದಲಿ ಮಾಡ್ಯಾರ. ಏನು ಹೇಳಬೇಕು ಅನ್ನೋದನ್ನ ಒಳಗ ತುಂಬಿ ತಂದಿಲ್ಲ ಅಂತ ಏನು ಖಾತ್ರಿ? ಅವರು ಇಲ್ಲಿ ಕೂಡೂದು ಬ್ಯಾಡ."

ದೇಶಮುಖ ಶಾಹೀನಳನ್ನು ನೋಡಿದರು. "ನೀವು ಹೊರಗ ಕುಂಡ್ರಬೇಕಾಗ್ತದ್ರಿ. ಆಕಿ ಯಜಮಾನ್ರೂ ಹೊರಗ ಇರ್ಲಿ. ಫೋನ್ ಇಲ್ಲೇ ಇಟ್ಟ ಹೋಗ್ರಿ. ಆಮ್ಯಾಲ ಯಾರೂ ಏನೂ ಅನ್ನಂಗಿರಬಾರದು."

ಶಾಹೀನ್ ತಂತಿ ಜೋಡಿಸಿದಳು. ದ್ಯಾಮವ್ವನ ಗದ್ದದ ಕೆಳಗೆ ಪಟ್ಟಿಯನ್ನು ಸರಿಯಾಗಿ ಕೂರಿಸುತ್ತ ಅವಳ ಕಿವಿಯ ಹತ್ತಿರ ಹೇಳಿದಳು: "ದ್ಯಾಮಕ್ಕಾ, ನಾ ಮೊದಲ ಹೇಳಿದ್ದೆಲ್ಲಾ ಮರತ ಬಿಡ್ರಿ. ನಿಮಗ ಹೆಂಗ ಬರ್ತೈತಿ ಹಂಗ ಮಾತಾಡ್ರಿ."

ದ್ಯಾಮವ್ವ ತಲೆ ಆಡಿಸಲಿಲ್ಲ. ಅವಳ ಕಣ್ಣು ವಕೀಲರ ಮೇಲೆಯೇ ಇತ್ತು.

ಹೊರಗೆ ವರಾಂಡದ ಬೆಂಚಿನ ಮೇಲೆ ಶಾಹೀನ್ ಮತ್ತು ಈರಪ್ಪ ಕುಳಿತರು. ಬಾಗಿಲು ಮುಚ್ಚಿತು. ಮೊದಲು ಏನೇನೋ ಗುಜುಗುಜು. ದೇಶಮುಖರ ಪ್ರಶ್ನೆ, ಯಂತ್ರದ ಸಣ್ಣ ಸಣ್ಣ ಉತ್ತರ. ಈರಪ್ಪ ಸೊಂಟಕ್ಕೆ ಸುತ್ತಿದ್ದ ವಲ್ಲಿಬಟ್ಟೆ ತೆಗೆದು ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಆಮೇಲೆ ಹಂಪಿಹೊಳಿಯವರ ದನಿ ಕೇಳಿಸಿತು, ಗೋಡೆಯಾಚೆಗೂ ಸ್ಪಷ್ಟವಾಗಿ. "ನಿನ್ನ ತಂಗೀನೇ ಬಾಗಲಾ ಒಳಗಿಂದ ಹಾಕ್ಕೊಂಡಿದ್ಲಂತಲ್ಲ? ಕೆಲಸಾ ಬಿಟ್ಟು ಮಲಗಾಕ? ಆಕಿ ಚಿಲಕಾ ಹಾಕಿದ್ದಕ್ಕ ಉಳದವ್ರು ಸತ್ರು ಅಂತ ನಮ್ಮ ಕಡೀ ಮಂದಿ ಹೇಳ್ಯಾರ."

ಈರಪ್ಪ ಬೆಂಚಿನಿಂದ ಎದ್ದುಬಿಟ್ಟ. "ಬೇಕಂತ ಕೇಳ್ಯಾನ್ರಿ. ಬೇಕಂತ!"

ಶಾಹೀನ್ ಅವನ ಮೊಳಕೈ ಹಿಡಿದುಕೊಂಡಳು. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇರಲಿಲ್ಲ. ಎಲ್ಲಾದರೂ ಇನ್ನೊಂದು ಗುಟ್ಟಿನ ಎಣಿಕೆ ಉಳಿದಿದ್ದರೆ?

ಒಳಗಿನಿಂದ ದ್ಯಾಮವ್ವನ ದನಿ ಎದ್ದಿತು.

"ಒಳಗ ಚಿಲಕಾನ ಇಲ್ಲ ಆ ಬಾಗಲಕ್ಕ! ಹೋಗಿ ನೋಡ್ರಿ, ಇವತ್ತೂ ಇಲ್ಲ. ಒಳಗಿಂದ ಹಾಕಾಕ ಏನೂ ಇಲ್ಲ ತಗ್ಯಾಕೂ ಏನೂ ಇಲ್ಲ, ಹೊರಗಿಂದ ಹಾಕಿದ್ರು, ದಿನಾ ಹಾಕ್ತಿದ್ರು, ಹೆಂಗಸರು ಚಾ ಕುಡ್ಯಾಕ ಹೋಗಿ ಹೊತ್ತು ಕಳೀತಾರ ಅಂತ ನಿಮ್ಮ ಮ್ಯಾನೇಜರ ಹಾಕಸ್ತಿದ್ದ, ನೀರು ಬೇಕಂದ್ರೂ ಬಡದು ಬಡದು ಕೇಳಬೇಕಾಗಿತ್ತು. ಸೈರನ್ ಇತ್ತು, ಸುಮ್ಮಸುಮ್ಮನ ಕೂಗತೈತಿ ಅಂತ ಅದರ ವೈರ್ ಅವನ ಕಿತ್ತಿಸಿದ, ನನ್ನ ಕಣ್ಣ ಮುಂದ ಕಿತ್ತಿಸಿದ. ವಾಸನಿ ಬಂದಾಗ ನಾವೆಲ್ಲಾ ಬಾಗಲಾ ಬಡದೇವಿ, ಕಣ್ಣು ಉರದು ಏನೂ ಕಾಣವಲ್ದು, ಹೊರಗ ಮಾತಾಡೂದು ಕೇಳತಿತ್ತು ನಮಗ, ಕೀಲಿ ಯಾರ ಕಡೆ ಐತಿ ಅಂತ ಒಬ್ಬರನ್ನೊಬ್ಬರು ಕೇಳಾಕ ಹತ್ತಿದ್ರು, ನೀ ಹೋಗು ಅಂತ ಇವ, ನೀ ಹೋಗು ಅಂತ ಅವ. ಮಲಗಿದ್ಲು ಅಂತೀಯೇನೋ ನನ್ನ ತಂಗೀನ? ಬಾಗಲ ಬುಡಕ ಬೆರಳು ಹೋಗೂವಷ್ಟು ಸಂದಿ ಇತ್ತು, ಅದರಾಗ ಗಾಳಿ ಬರ್ತಿತ್ತು, ಅಕ್ಕಾ ನೀ ಮೂಗು ಇಡು ಅಂತ ನನ್ನ ತಲಿ ಒತ್ತಿ ಹಿಡದಾಕಿ ಆಕಿ! ತಾ ಇಡಲಿಲ್ಲ. ಆಕಿ ಕೈ ಸಡ್ಲ ಆದದ್ದು ನನ್ನ ಕುತ್ತಿಗಿ ಮ್ಯಾಲ ಗೊತ್ತಾತು ನಂಗ. ಆಮ್ಯಾಲ ಕೀಲಿ ಬಂತು."

ಯಂತ್ರ ನಿಲ್ಲಲಿಲ್ಲ. ದ್ಯಾಮವ್ವನೂ ನಿಲ್ಲಲಿಲ್ಲ. ಮ್ಯಾನೇಜರನ ಹೆಸರು, ಹೊರಗೆ ನಿಂತಿದ್ದವರ ಹೆಸರು, ಸತ್ತ ಐವರ ಹೆಸರು ಹೇಳಿದಳು. ನಡುವೆ ಹಂಪಿಹೊಳಿ "ಸಾಹೇಬ್ರ, ಇದು ನನ್ನ ಪ್ರಶ್ನೆಗೆ..." ಎಂದದ್ದು ಕೇಳಿಸಿತು. "ಕುಂಡ್ರೋ, ನೀ ಕೇಳಿದ್ದಕ್ಕ ಹೇಳಾಕ ಹತ್ತೇನಿ!" ಎಂದು ಯಂತ್ರ ಗುಡುಗಿತು. ಯಾರೂ ನಗಲಿಲ್ಲ. ವರಾಂಡದಲ್ಲಿ ಬೇರೆ ಕೆಲಸಕ್ಕೆ ಬಂದವರು ಕೂಡ ಬಾಗಿಲ ಬಳಿ ಬಂದು ನಿಂತರು. ಈರಪ್ಪ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಎರಡೆರಡು ಮಾತು ಆಡು ಎಂದು ತಾನು ಇವಳಿಗೇ ಹೇಳಿದ್ದೆನಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿಕೊಂಡ.

ಬಾಗಿಲು ತೆರೆದಾಗ ದೇಶಮುಖರೇ ಮೊದಲು ಹೊರಬಂದರು. ಮುಖ ಕೆಂಪಾಗಿತ್ತು. "ಗಾಡಿ ತಗೀರಿ," ಎಂದರು ಜವಾನನಿಗೆ. "ಬ್ಯಾಡಗಿಗೆ. ಆ ಬಾಗಲಾ ನಾ ಈಗಿಂದೀಗ ನೋಡಬೇಕು."

ಶೀತಲಗೃಹದ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ.

*

ಮ್ಯಾನೇಜರನೂ ಮಾಲೀಕನೂ ಬಂಧನಕ್ಕೊಳಗಾಗಿ, ಜಾಮೀನಿನ ಮೇಲೆ ಹೊರಬಂದರು. ಕೋರ್ಟಿನಲ್ಲಿ ಮೊಕದ್ದಮೆ ಇನ್ನೂ ನಡೆಯುತ್ತಿದೆ. ದ್ಯಾಮವ್ವ ಅಲ್ಲಿಯೂ ಸಾಕ್ಷಿ ಹೇಳಬೇಕು.

ಶಾಹೀನ್ ತಾನು ಬರೆದ ಡ್ರೈವರನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಟ್ಟಳು. ಅದರ ಜೊತೆಗೆ ಕ್ವೆಲ್ಟಾದ ಡ್ರೈವರು ಏನು ಮಾಡುತ್ತಿತ್ತು ಎಂಬುದನ್ನು ಒಂದೊಂದು ಹೆಜ್ಜೆಯಾಗಿ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದು ಹಾಕಿದಳು. ಗದಗಿನ ಕಲಾವಿದರು ಅದನ್ನು ಹಾಕಿಸಿಕೊಂಡು ಒಂದು ಇಡೀ ಅಂಕವನ್ನು ಮಗಳೆದುರು ಆಡಿ ತೋರಿಸಿದರಂತೆ. ಬೇರೆ ದೇಶಗಳಿಂದಲೂ ಪತ್ರ ಬಂದವು. ಉಸಿರಾಟದ ಯಂತ್ರ, ಹವಾಮಾನದ ಯಂತ್ರ, ಕುರುಡರು ಓದುವ ಯಂತ್ರ, ಎಲ್ಲೆಲ್ಲಿ ಆ ಚಿಪ್ಪಿನ ನಕಲು ಇತ್ತೋ ಅಲ್ಲೆಲ್ಲ ಅದೇ ನೀಲಿ ಪರದೆ. ಎಲ್ಲರೂ ತಮ್ಮದೇ ತಪ್ಪೆಂದು ಸುಮ್ಮನಿದ್ದವರು.

ಆಗ ಕಂಪನಿಯ ವಕೀಲರ ನೋಟೀಸು ಬಂತು. ಪ್ರಿನ್ಸಿಪಾಲರು ಕರೆದು, ಅದನ್ನು ತೆಗೆದುಬಿಡಿ, ಕಾಲೇಜಿಗೆ ಯಾಕೆ ತೊಂದರೆ ಎಂದರು. ತೆಗೆಯುವುದಿಲ್ಲ ಎಂದಳು. ಮರುವಾರ ಪ್ರಯೋಗಾಲಯದ ಮೇಲ್ವಿಚಾರಣೆಯನ್ನು ಅವಳಿಂದ ತೆಗೆದರು. ಅವಳು ಪಾಠ ಮಾಡಿಕೊಂಡು, ಬಿಡುವಿನಲ್ಲಿ ಪಟ್ಟಿಗಳನ್ನು ತನ್ನ ಮನೆಯ ಪಡಸಾಲೆಯಲ್ಲೇ ದುರಸ್ತಿ ಮಾಡತೊಡಗಿದಳು.

ದ್ಯಾಮವ್ವ ಪಟ್ಟಿಯ ಬಿಗಿತ ಸರಿಮಾಡಿಸಿಕೊಳ್ಳಲು ಬಂದು ಆ ಪಡಸಾಲೆಯಲ್ಲಿ ಕುಳಿತಿದ್ದ ಒಂದು ಮಧ್ಯಾಹ್ನ ಕೌಶಿಕ್ ಫೋನ್ ಮಾಡಿದ. ಶಾಹೀನಳ ಕೈಯಲ್ಲಿ ಪಟ್ಟಿ ಇತ್ತು; ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಮೇಡಂ, ಕಂಪನಿ ಮಾನವೀಯ ದೃಷ್ಟಿಯಿಂದ ಆ ಏರ್ಪಾಡನ್ನ ತೆಗೆದುಹಾಕ್ತಿದೆ. ಮುಂದಿನ ಆವೃತ್ತಿಲಿ ಇರಲ್ಲ. ನೀವು ಬರೆದು ಹಾಕಿದ್ದನ್ನ ಇಳಿಸಿದ್ರೆ ಎಲ್ಲಾ ಇಲ್ಲಿಗೇ ಮುಗಿಯುತ್ತೆ. ನನಗೆ ಇವತ್ತೇ ನಿಮ್ಮ ಉತ್ತರ ಬೇಕು."

ಶಾಹೀನ್ ಬಾಯಿ ತೆರೆಯುವ ಮೊದಲೇ ದ್ಯಾಮವ್ವ ಅವಳ ಕೈಯಿಂದ ಪಟ್ಟಿ ಕಸಿದುಕೊಂಡು ತಾನೇ ಕಟ್ಟಿಕೊಂಡಳು. ತಂತಿಯನ್ನು ಲ್ಯಾಪ್‌ಟಾಪಿಗೆ ತಾನೇ ಸಿಕ್ಕಿಸಿದಳು.

"ಮಾನವೀಯ ಅಂದ್ಯಲ್ಲ, ಯಾವ ಮಾನವ ನೀ? ನಿನ್ನ ಹೆಸರೇನಪಾ?"

ಆಚೆ ಕಡೆ ತಡವರಿಕೆ. "ಯಾರು... ಯಾರು ಮಾತಾಡ್ತಿರೋದು?"

"ನೀವು ಬಾಯಿ ಮುಚ್ಚಸಾಕ ಹೊಂಟಿದ್ರಲ್ಲ, ಆಕಿ."

"ಅಮ್ಮಾ, ನಿಮ್ಮ ನೋವು ನಂಗೆ ಅರ್ಥ ಆಗುತ್ತೆ, ಆದ್ರೆ ನಾನು..."

"ನಿಂಗೇನೂ ತಿಳಿದಿಲ್ಲ. ತಿಳಿಯೂ ಹಂಗ ಯಾರೂ ನಿಂಗ ಹೇಳಿಲ್ಲ. ನಾ ಹೇಳ್ತೀನಿ. ಮೇಡಮ್ಮಾರ ಉತ್ತರ ಬೇಕಲ್ಲ ನಿಂಗ? ಬೇಕಂದ್ರ ಫೋನ್ ಇಡಬ್ಯಾಡ."

ಶಾಹೀನ್ ಕುರ್ಚಿ ಎಳೆದುಕೊಂಡು ಕುಳಿತಳು.

ದ್ಯಾಮವ್ವ ಹೇಳತೊಡಗಿದಳು. ತಂಗಿಯಿಂದ ಶುರುಮಾಡಿದಳು. ಶಾಂತವ್ವ ಹೇಗಿದ್ದಳು, ಹೇಗೆ ನಗುತ್ತಿದ್ದಳು, ಅವಳ ಬೆರಳು ಮೆಣಸಿನಕಾಯಿ ಘಾಟಿಗೆ ಹೇಗೆ ಉರಿಯುತ್ತಿದ್ದವು. ಕೌಶಿಕ್ ಒಮ್ಮೆ ಗಂಟಲು ಸರಿಮಾಡಿಕೊಂಡ, ಮೀಟಿಂಗ್ ಇದೆ ಎಂದ. ಅವಳು ಅದರ ಮೇಲೆಯೇ ಮಾತಾಡಿದಳು, ಉಸಿರು ಬಿಡದೆ, ಯಂತ್ರ ಎಲ್ಲವನ್ನೂ ಗಟ್ಟಿಯಾಗಿ ಆಡುತ್ತ ಹೋಯಿತು. ಹೊರಗೆ ಬಿಸಿಲು ಇಳಿಯತೊಡಗಿತ್ತು. ಶಾಹೀನ್ ಎದ್ದು ಚಹಾಕ್ಕೆ ನೀರಿಟ್ಟು ಬಂದಳು. ಆಗಿನ್ನೂ ದ್ಯಾಮವ್ವ ಶೀತಲಗೃಹದ ಬಾಗಿಲವರೆಗೂ ಬಂದಿರಲಿಲ್ಲ.